ಎಂಜಿನ್ ಇಲ್ಲದ ಮಾರುತ್

ಪ್ಲಾಸ್ಟಿಕ್ ವಿಮಾನದ ಮಾಡೆಲ್ ಕಟ್ತೀನಿ ಅಂದ್ರೆ ಎಲ್ಲರೂ ಕೇಳೋ ಮೊದಲ ಪ್ರಶ್ನೆ, "ಹಾರುತ್ತಾ?" ಇಲ್ಲ. ಎರಡನೇ ಪ್ರಶ್ನೆ, "ಮತ್ಯಾಕೆ?" ಅದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ.

ಈ ಹವ್ಯಾಸ ಒಂದು ಭಾಗಾಕಾರದಿಂದ ಶುರುವಾಗುತ್ತೆ. ನಾನು ಕಟ್ಟೋದು 1/72 ಅಳತೆಯಲ್ಲಿ. ಅಂದ್ರೆ ನಿಜವಾದ ವಿಮಾನದ ಪ್ರತಿಯೊಂದು ಅಳತೆಯನ್ನೂ 72ರಿಂದ ಭಾಗಿಸಬೇಕು. ಆರಡಿ ಎತ್ತರದ ಪೈಲಟ್ ಒಂದೇ ಒಂದು ಇಂಚು ಆಗಿಬಿಡ್ತಾನೆ. ಬಾಕ್ಸ್ ತೆಗೆದ್ರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರೋ ಭಾಗಗಳು ಸಿಗುತ್ತವೆ: ಮೈಯ ಎರಡು ಹೋಳು, ರೆಕ್ಕೆ, ಬಾಲ, ಅಕ್ಕಿಕಾಳಿನಷ್ಟು ಚಿಕ್ಕ ಚಿಕ್ಕ ತುಂಡುಗಳು. ಒಂದೊಂದನ್ನೂ ಕತ್ತರಿಸಿ, ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಅಂಟಿಸಬೇಕು. ಇದರ ಅಂಟು ಫೆವಿಕಾಲ್ ಥರ ಅಲ್ಲ. ಅದು ಪಾಲಿಸ್ಟೈರೀನನ್ನೇ ಸ್ವಲ್ಪ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತೆ, ಹೆಚ್ಚುಕಡಿಮೆ ವೆಲ್ಡಿಂಗ್ ಇದ್ದ ಹಾಗೆ. ಮೂತಿಯ ಕೆಳಗೆ ಚಕ್ರ ಇರೋ ವಿಮಾನ ಆದ್ರೆ ಮೂತಿಯೊಳಗೆ ಗಾಳಕ್ಕೆ ಕಟ್ಟೋ ಸೀಸದ ಗುಂಡು ತುಂಬಬೇಕು. ಸೆಂಟರ್ ಆಫ್ ಗ್ರಾವಿಟಿ ಹಿಂದಿನ ಚಕ್ರಗಳಿಗಿಂತ ಮುಂದೆ ಬರದಿದ್ರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತೆ. ಬಣ್ಣವನ್ನು ಹಾಲಿನ ಹದಕ್ಕೆ ತೆಳು ಮಾಡಿ ಒಂದರ ಮೇಲೊಂದು ಕೋಟ್ ಕೊಡಬೇಕು. ಇಷ್ಟೇ ಕೆಲಸ. ಆದ್ರೆ ಒಂದೂವರೆ ತಿಂಗಳು ಹಿಡಿಯುತ್ತೆ.

ಫಸ್ಟ್ ಇಯರ್ ರಜೆಯಲ್ಲಿ ನಾನು ಕಟ್ಟಿದ್ದು ಫೋಕೆ-ವುಲ್ಫ್ 190, ಎರಡನೇ ಮಹಾಯುದ್ಧದ ಜರ್ಮನ್ ಫೈಟರ್. ತಾತ ಬಂದು ಪಕ್ಕದಲ್ಲಿ ಕೂತ್ರು.

"ಯಾವ್ದೋ ಇದು?"

"ಜರ್ಮನಿದು ತಾತ. ಕರ್ಟ್ ಟ್ಯಾಂಕ್ ಅನ್ನೋರು ಡಿಸೈನ್ ಮಾಡಿದ್ದು."

"ಟ್ಯಾಂಕ್ ಸಾಹೇಬ್ರಾ?" ಅಂದ್ರು, ಎದುರು ಮನೆಯವರ ವಿಷಯ ಬಂತೇನೋ ಅನ್ನೋ ಹಾಗೆ.

ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ರು. ಸೇರಿದ್ದು 1964ರಲ್ಲಿ. ಕರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ತಂಡದ ಜೊತೆ ಭಾರತಕ್ಕೆ ಬಂದು, ಬೆಂಗಳೂರಿನಲ್ಲಿ ಕೂತು ಎಚ್‌ಎಫ್-24 ಮಾರುತ್ ಅನ್ನೋ ಜೆಟ್ ಫೈಟರನ್ನು ಡಿಸೈನ್ ಮಾಡಿದವರು. ಮೊದಲು ಅದೇ ಗಾತ್ರದ ಮರದ ಗ್ಲೈಡರ್ ಕಟ್ಟಿ 1959ರಲ್ಲಿ ಹಾರಿಸಿದ್ರು. ಜೆಟ್ ಮೊದಲ ಸಲ ಹಾರಿದ್ದು 1961ರ ಜೂನ್ 17ಕ್ಕೆ. ಒಟ್ಟು 147 ಮಾರುತ್‌ಗಳನ್ನು ಕಟ್ಟಿದ್ರು. 1971ರಲ್ಲಿ ಲೋಂಗೆವಾಲಾ ಕಡೆ ಯುದ್ಧದಲ್ಲೂ ಹಾರಿದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿದೆಯಲ್ಲ, ಸ್ಕೂಲ್ ಟ್ರಿಪ್‌ನಲ್ಲಿ ನಾವೆಲ್ಲ ಫೋಟೋ ತೆಗೆಸಿಕೊಂಡಿದ್ದು, ಅದೇ.

ಒಬ್ಬರೇ ಡಿಸೈನರ್, ಎರಡು ವಿಮಾನ. ಫೋಕೆ-ವುಲ್ಫ್ ಬೇಕು ಅಂದ್ರೆ ಏರ್‌ಫಿಕ್ಸ್, ತಮಿಯಾ, ರೆವೆಲ್, ಎಡುವಾರ್ಡ್, ಹಸೆಗಾವಾ ಎಲ್ಲರೂ ಕಿಟ್ ಮಾಡಿದ್ದಾರೆ. ಬೆಂಗಳೂರಿನದೇ ಮಾರುತ್ ಬೇಕು ಅಂದ್ರೆ ಬೆಂಗಳೂರಿನಲ್ಲಿ ನಾನು ಹುಡುಕಿದ ಒಂದು ಅಂಗಡಿಯಲ್ಲೂ ಸಿಗಲಿಲ್ಲ. ಸರಿ, ನಾನೇ ಮಾಡ್ತೀನಿ ಅಂತ ಹೊರಟೆ.

ಮಾರುತ್ ರೆಕ್ಕೆ ಈ ತುದಿಯಿಂದ ಆ ತುದಿಗೆ 9 ಮೀಟರ್. 72ರಿಂದ ಭಾಗಿಸಿದ್ರೆ 12.5 ಸೆಂಟಿಮೀಟರ್. ಉದ್ದ 15.87 ಮೀಟರ್, ಅಂದ್ರೆ ಮಾಡೆಲ್‌ನಲ್ಲಿ 22 ಸೆಂಟಿಮೀಟರ್. ಮೂರು ಕಡೆಯಿಂದ ಬರೆದ ಡ್ರಾಯಿಂಗ್ ಇಟ್ಕೊಂಡು ಕ್ಯಾಡ್‌ನಲ್ಲಿ ಬಿಡಿಸಿದೆ. ಲ್ಯಾಬ್‌ನ 3ಡಿ ಪ್ರಿಂಟರ್‌ನಲ್ಲಿ ಪ್ರಿಂಟ್ ತೆಗೆದೆ. ಪ್ರಿಂಟರ್ ಬಿಡೋ ಒಂದೊಂದು ಪದರ 0.2 ಮಿಲಿಮೀಟರ್ ದಪ್ಪ. ಏನು ಮಹಾ ಅನ್ನಿಸಬಹುದು, ಆದ್ರೆ 72ರಿಂದ ಗುಣಿಸಿ ನೋಡಿ: ನಿಜವಾದ ವಿಮಾನದ ಮೇಲೆ ಅದು ಒಂದೂವರೆ ಸೆಂಟಿಮೀಟರ್ ಎತ್ತರದ ಮೆಟ್ಟಿಲು! ಹಾಗಾಗಿ ಪುಟ್ಟಿ ಹಚ್ಚೋದು, ಉಜ್ಜೋದು, ಮತ್ತೆ ಹಚ್ಚೋದು, ಮತ್ತೆ ಉಜ್ಜೋದು. 400ರ ಪೇಪರ್, 800, ಆಮೇಲೆ 1200.

ಉಜ್ಜುವಾಗ ಬೆರಳಿಗೆ ಒಂದು ವಿಷಯ ಗೊತ್ತಾಯ್ತು. ಮಾರುತ್‌ಗೆ ಸೊಂಟ ಇದೆ. ರೆಕ್ಕೆ ಸೇರೋ ಕಡೆ ಮೈ ಒಳಗೆ ಹೋಗಿ, ಮತ್ತೆ ಹಿಂದೆ ಅಗಲ ಆಗುತ್ತೆ. ಇದಕ್ಕೆ ಏರಿಯಾ ರೂಲ್ ಅಂತಾರೆ. ಶಬ್ದದ ವೇಗದ ಹತ್ತಿರ ಹೋದಾಗ, ವಿಮಾನದ ಅಡ್ಡಕೊಯ್ತದ ವಿಸ್ತೀರ್ಣ ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಬದಲಾಗಬೇಕು. ಒಮ್ಮೆಲೇ ಏರಿದ್ರೆ ಡ್ರ್ಯಾಗ್ ಜಾಸ್ತಿ. ರೆಕ್ಕೆ ಸೇರಿಕೊಂಡಷ್ಟೂ ಮೈಯನ್ನು ತೆಳು ಮಾಡಬೇಕು. ಇದನ್ನೆಲ್ಲ ತಾತನಿಗೆ ಉತ್ಸಾಹದಿಂದ ಹೇಳ್ತಾ ಇದ್ದೆ.

"ಓ, ಅಲ್ಲಾ?" ಅಂದ್ರು. "ಅಲ್ಲಿ ಮೊಣಕೈ ತಾಗೋದು ಕಣೋ."

ರಿವೆಟ್ ಹೊಡೆಯೋಕೆ ಇಬ್ಬರು ಬೇಕಂತೆ. ಹೊರಗಿನಿಂದ ಒಬ್ಬರು ಗನ್ ಹಿಡೀತಾರೆ, ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ತುಂಡನ್ನು ಒತ್ತಿ ಹಿಡೀಬೇಕು. ತಾತ ಆಗ ಸಣಕಲು. ಅದಕ್ಕೇ ಒಳಗೆ ಕಳಿಸ್ತಿದ್ದದ್ದು ಅವರನ್ನೇ. ಸೊಂಟದ ಹತ್ತಿರ ಜಾಗ ಸಾಲದೆ ಮೊಣಕೈ ಉಜ್ಜಿಕೊಳ್ಳೋದು. ಯಾಕೆ ಅಷ್ಟು ಇಕ್ಕಟ್ಟು ಮಾಡಿದ್ದಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಪುಸ್ತಕದಲ್ಲಿ ಕಾರಣ ಗೊತ್ತಿತ್ತು, ಆದ್ರೆ ಅದು ಎಷ್ಟು ಇಕ್ಕಟ್ಟು ಅಂತ ಗೊತ್ತಿರಲಿಲ್ಲ. ಅರವತ್ತು ವರ್ಷದ ಮೇಲೆ ಅವರಿಗೆ ಕಾರಣ ಸಿಕ್ತು, ನನಗೆ ಮೊಣಕೈ ಸಿಕ್ತು. ತಾತ ಸುಮಾರು ಹೊತ್ತು ಆ ಸೊಂಟದ ಮೇಲೆ ಹೆಬ್ಬೆರಳು ಆಡಿಸ್ತಾ ಕೂತಿದ್ರು. ಅವರಿಗೀಗ ಕಣ್ಣು ಮಂಜು. ನೋಡೋದಕ್ಕಿಂತ ಮುಟ್ಟಿ ತಿಳಿಯೋದೇ ಹೆಚ್ಚು.

ಮಾರುತ್ ಬಗ್ಗೆ ಎಲ್ಲಿ ಓದಿದ್ರೂ ಒಂದು ಸಾಲು ತಪ್ಪಲ್ಲ: ಎಂಜಿನ್ ಶಕ್ತಿ ಸಾಲದೆ ಸೋತ ವಿಮಾನ. ಸುಳ್ಳಲ್ಲ. ಶಬ್ದದ ಎರಡರಷ್ಟು ವೇಗದ ಗುರಿ ಇಟ್ಟುಕೊಂಡು ಕಟ್ಟಿದ ಮೈ ಅದು. ಅದಕ್ಕೆ ಅಂತ ಅಂದುಕೊಂಡಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಬರಲೇ ಇಲ್ಲ. ಎರಡು ಆರ್ಫಿಯಸ್ 703 ಎಂಜಿನ್‌ನಲ್ಲೇ ಸುಧಾರಿಸಬೇಕಾಯ್ತು. ನಾನು ಈ ಸಾಲನ್ನು ಓದಿ ಹೇಳಿದಾಗ ತಾತ ಸಿಟ್ಟಾಗಲಿಲ್ಲ. "ಎಂಜಿನ್ ಬರ್ಲಿಲ್ಲ. ಬಾಡಿದೇನು ತಪ್ಪು?" ಅಂದ್ರು ಅಷ್ಟೆ.

"ಹಾರದ ವಿಮಾನ ಯಾಕೆ ಕಟ್ತೀಯ" ಅನ್ನೋದಕ್ಕೆ ನನ್ನ ಉತ್ತರ ಅವತ್ತು ಸಿಕ್ತು. ಪ್ಲಾಸ್ಟಿಕ್ ಮಾಡೆಲ್‌ಗೆ ಎಂಜಿನ್ನೇ ಇರಲ್ಲ. ಇರೋದು ಮೈ ಮಾತ್ರ. ನನ್ನ ಶೆಲ್ಫ್ ಮೇಲೆ ಗೆದ್ದ ಫೋಕೆ-ವುಲ್ಫ್ ಮತ್ತು ಸೋತ ಮಾರುತ್ ಅನ್ನೋ ಭೇದ ಇಲ್ಲ. ಕೈಯಲ್ಲಿ ಹಿಡಿದು ತಿರುಗಿಸಿದ್ರೆ ಕಾಣೋದು ಯಾರೋ ಯೋಚನೆ ಮಾಡಿ ಬಿಡಿಸಿದ ಗೆರೆ, ಇನ್ಯಾರೋ ಒಳಗೆ ತೂರಿಕೊಂಡು ಮಾಡಿದ ಕೆಲಸ. ನಾವೂ ಮುಂದೆ ಎಲ್ಲೋ ಒಂದು ದೊಡ್ಡ ಪ್ರಾಜೆಕ್ಟಿನ ಒಂದು ಮೂಲೆ ಕೆಲಸ ಮಾಡೋರೇ. ಎಂಜಿನ್ ಬರುತ್ತೋ ಇಲ್ಲವೋ ನಮ್ಮ ಕೈಯಲ್ಲಿ ಇರಲ್ಲ.

ಮಾರುತ್ ಈಗ ಪ್ರೈಮರ್ ಹಂತ ದಾಟಿದೆ. ವಾಯುಪಡೆಯ ಗುರುತು ಬಾಕಿ: ಹೊರಗೆ ಕೇಸರಿ, ಮಧ್ಯೆ ಬಿಳಿ, ಒಳಗೆ ಹಸಿರು. ಅದನ್ನು ಅಂಟಿಸೋ ದಿನ ತಾತ ಪಕ್ಕದಲ್ಲಿರಬೇಕು ಅಂತ ರಜೆಗೆ ಕಾಯ್ತಿದ್ದೀನಿ. ಮೊನ್ನೆ ರೂಮಿಗೆ ಬಂದ ಜೂನಿಯರ್ ಒಬ್ಬ, "ಇದರಲ್ಲಿ ರಿವೆಟ್ಟೇ ಇಲ್ವಲ್ಲ?" ಅಂದ. ಕೆಲವು ಹಳೇ ಕಿಟ್‌ಗಳಲ್ಲಿ ರಿವೆಟ್ ಉಬ್ಬಿಕೊಂಡಿರುತ್ತೆ. 0.3 ಮಿಲಿಮೀಟರ್ ಅಗಲದ ಒಂದು ಚುಕ್ಕೆ ನಿಜವಾದ ವಿಮಾನದ ಮೇಲೆ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟಾಗುತ್ತೆ. ಜೆಟ್ ವಿಮಾನದ ಮೈಗೆ ಅಂಥ ರಿವೆಟ್ ಹೊಡೆಯಲ್ಲ, ತಲೆ ತಗಡಿನ ಮಟ್ಟಕ್ಕೆ ಸಮ ಆಗೋ ಹಾಗೆ ಕೂರಿಸ್ತಾರೆ.

ರಿವೆಟ್ ಇದೆ, ಕಾಣಲ್ಲ ಅಂತ ಅವನಿಗೆ ಹೇಳಿದೆ. ಕಾಣದ ಹಾಗೆ ಕೂರಿಸೋದೇ ನಮ್ಮ ತಾತನ ಕೆಲಸ ಆಗಿತ್ತು.