ಸೊಲೆಂಟುನಾ ದಾರಿಯ ಬಿಸಿಲು

ಸ್ವೀಡನ್ ಎಂದೊಡನೆ ಕಣ್ಣಿಗೆ ಕಟ್ಟುವುದು ಹಿಮ, ಪೈನ್ ಮರಗಳು, ಚಳಿಗಾಲದ ದೀರ್ಘ ಇರುಳು. ಆದರೆ ಅದರ ರಾಜಧಾನಿ ಸ್ಟಾಕ್‌ಹೋಮ್‌ನ ಒಂದು ದಾರಿ ನೆನಪಿಸುವುದು ಚಳಿಯನ್ನಲ್ಲ, ಬಿಸಿಲನ್ನು.

1912ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಇಟ್ಟಿಗೆಯ ಕ್ರೀಡಾಂಗಣ ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ಗೋಪುರಗಳುಳ್ಳ ಅದನ್ನು ದೂರದಿಂದ ಕಂಡವರು ಹಳೆಯ ಕೋಟೆಯೆಂದೇ ತಿಳಿದಾರು. ಅಂದಿನ ಮ್ಯಾರಥಾನ್ ಓಟ ಇಲ್ಲಿಂದ ಹೊರಟು, ಉತ್ತರದ ಸೊಲೆಂಟುನಾ ಎಂಬಲ್ಲಿನ ಪುರಾತನ ಚರ್ಚಿನ ಬಳಿ ತಿರುಗಿ, ಮರಳಿ ಇಲ್ಲಿಗೇ ಬರಬೇಕಿತ್ತು. ಒಟ್ಟು ದೂರ 40.2 ಕಿ.ಮೀ.

ಅಂದು ಜುಲೈ 14. ಓಟ ಆರಂಭವಾದದ್ದು ಮಧ್ಯಾಹ್ನ 1 ಗಂಟೆ 48 ನಿಮಿಷಕ್ಕೆ. ತಾಪಮಾನ ಸುಮಾರು 32 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಯ ಜನ ಇದನ್ನು ಕೇಳಿ ನಕ್ಕಾರು! ಆದರೆ ಹೊರಟ 68 ಮಂದಿಯಲ್ಲಿ ಗುರಿ ಮುಟ್ಟಿದವರು ಸುಮಾರು ಅರ್ಧದಷ್ಟು ಮಾತ್ರ. ಪೋರ್ಚುಗಲ್‌ನ ಯುವ ಬಡಗಿ ಫ್ರಾನ್ಸಿಸ್ಕೊ ಲಾಜರೊ ಸುಮಾರು 30ನೇ ಕಿಲೋಮೀಟರಿನ ಹತ್ತಿರ ಕುಸಿದರು, ಮರುದಿನ ತೀರಿಕೊಂಡರು. ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಲು ಅವರು ಮೈಗೆ ಮೇಣ ಸವರಿಕೊಂಡಿದ್ದರೆಂದು ಹೇಳುತ್ತಾರೆ.

32 ಡಿಗ್ರಿ ಕೊಲ್ಲುವುದು ಹೇಗೆ? ಓಡುವವನ ಒಲೆ ಆಕಾಶದಲ್ಲಷ್ಟೇ ಇಲ್ಲ, ಅವನ ಸ್ನಾಯುಗಳಲ್ಲೂ ಇದೆ. ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವಷ್ಟೇ ಚಲನೆಗೆ ಒದಗುತ್ತದೆ, ಉಳಿದದ್ದು ಶಾಖವಾಗುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಮೈಯಿಂದ ಹೊರಹೋಗುತ್ತದೆ. ಆವಿಯಾಗದೆ ತೊಟ್ಟಿಕ್ಕಿದ ಬೆವರಿನಿಂದ ಈ ಲಾಭವಿಲ್ಲ. ಮೇಣ ಬಳಿದ ಮೈಯಲ್ಲಿ ಬೆವರು ಆರುವುದಾದರೂ ಹೇಗೆ? ಮಂಗಳೂರಿನ ತೇವದ ಗಾಳಿಯೂ ಇಂತಹುದೇ ಅಡ್ಡಿ ಒಡ್ಡುತ್ತದೆ. ಒಣಹವೆಯ ಕಲಬುರಗಿಯಲ್ಲಾದರೋ ಬೆವರು ಥಟ್ಟನೆ ಆರುವುದರಿಂದ, ಎಷ್ಟು ನೀರು ಕಳೆದುಕೊಂಡೆವೆಂಬುದೇ ತಿಳಿಯುವುದಿಲ್ಲ.

ಬೇಸಿಗೆ ರಜೆಯಲ್ಲಿ ಮೈದಾನಕ್ಕೆ ಇಳಿಯುವ ಮಕ್ಕಳಿಗೆ ಪಾಠ ಇಲ್ಲೇ ಇದೆ. ಓಟ ಬೆಳಗಿನ ತಂಪಿನಲ್ಲಿರಲಿ. ಬಿಸಿಗೆ ಒಗ್ಗಲು ದೇಹಕ್ಕೆ 10ರಿಂದ 14 ದಿನ ಬೇಕು. ಅಷ್ಟು ದಿನ ದೂರವನ್ನೂ ವೇಗವನ್ನೂ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ತೆಳು ಬಣ್ಣದ ಸಡಿಲ ಉಡುಪು ಒಳ್ಳೆಯದು. ಬಾಯಾರಿದಾಗ ನೀರು ಕುಡಿಯಬೇಕು. ಹೆಚ್ಚು ಬೆವರಿದ ದಿನ ಉಪ್ಪು ಬೆರೆಸಿದ ಮಜ್ಜಿಗೆ ಹಿತ. ಜ್ವರವಿದ್ದಾಗ ಓಟ ಬೇಡ.

ಓಡುವವನು ತಡವರಿಸಿದರೆ, ಅಸಂಬದ್ಧವಾಗಿ ಮಾತನಾಡಿದರೆ ಅದು ಶಾಖಾಘಾತ ಇರಬಹುದು. ತಕ್ಷಣ ನೆರಳಿಗೆ ಒಯ್ದು, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಬೇಕು. ಆಸ್ಪತ್ರೆಗೆ ಸಾಗಿಸುವಾಗಲೂ ತಂಪು ಮಾಡುವುದನ್ನು ನಿಲ್ಲಿಸಬಾರದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಅದೇ ಓಟದಲ್ಲಿ ಜಪಾನಿನ ಶಿಜೋ ಕನಕುರಿ ಎಂಬ ತರುಣನಿದ್ದ. ಬಿಸಿಲಿಗೆ ಬಸವಳಿದು, ಸೊಲೆಂಟುನಾದ ಒಂದು ಮನೆಯ ತೋಟಕ್ಕೆ ಹೊಕ್ಕ. ಮನೆಯವರು ಹಣ್ಣಿನ ರಸ ಕೊಟ್ಟು ಉಪಚರಿಸಿದರು. ಸೋತೆನೆಂಬ ನಾಚಿಕೆಯಿಂದ ಯಾರಿಗೂ ಹೇಳದೆ ರೈಲು ಹತ್ತಿ ಹೊರಟುಹೋದ. ಆದರೆ ಮುಂದೆ 1920 ಮತ್ತು 1924ರ ಒಲಿಂಪಿಕ್ಸ್‌ಗಳಲ್ಲೂ ಅವರು ಓಡಿದರು. 1967ರಲ್ಲಿ ಸ್ವೀಡನ್ನಿನವರು ಅವರನ್ನು ಕರೆಸಿ, ಅದೇ ಕ್ರೀಡಾಂಗಣದಲ್ಲಿ ಓಟ ಪೂರೈಸುವ ಅವಕಾಶ ಕೊಟ್ಟರು. ತೆಗೆದುಕೊಂಡ ಕಾಲ: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು!

ಲೋಕದ ಅತಿ ನಿಧಾನದ ಮ್ಯಾರಥಾನ್ ಎಂದು ಜನ ನಗುತ್ತಾರೆ. ನಗಲಿ. ಕನಕುರಿ 92 ವರ್ಷ ಬದುಕಿದರು. ಮೈ ಸಾಕೆಂದಾಗ ನೆರಳು ಹುಡುಕಿದ್ದು ಅವರ ಸೋಲಾಗಿರಲಿಲ್ಲ. ನಿಂತದ್ದರಿಂದಲೇ ಅವರಿಗೆ ಮತ್ತೆ ಓಡುವ ದಿನಗಳು ದೊರೆತವು.