ಕೋವಿಗೆ ಎಣ್ಣೆ ಹಚ್ಚುವ ಕಾಲ

ಕನ್ನಡದಲ್ಲಿ ನರಿಯೆಂದರೆ ಊಳಿಡುವ ಬಡಪ್ರಾಣಿ. ಕೊಡವರ ಮಾತಿನಲ್ಲಿ ನರಿಯೆಂದರೆ ಸಾಕ್ಷಾತ್ ಹುಲಿ. ಈ ಭೇದವನ್ನು ಅರಿಯದೆ ಕೊಡಗಿನ ಮನೆಯೊಡನೆ ಬೀಗತನ ಬೆಳೆಸಿದವರಿಗೆ ಮೊದಲ ವರ್ಷ ಅಲ್ಲಿಯ ಮಾತುಕತೆ ಅರ್ಥವಾಗುವುದು ಕಷ್ಟ. ‘ನಮ್ಮ ಅಜ್ಜನಿಗೆ ನರಿಮಂಗಲವಾಗಿತ್ತು’ ಎಂದು ಅವರು ಹೆಮ್ಮೆಯಿಂದ ಹೇಳಿದಾಗ ಮೈಸೂರಿನವರಾದ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳಬೇಕಾಗುತ್ತದೆ. ಹುಲಿಯನ್ನು ಕೊಂದ ವೀರನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಬಳಿಯಲ್ಲೇ ಕುಳ್ಳಿರಿಸಿ, ನೆಂಟರಿಷ್ಟರೆಲ್ಲ ಅಕ್ಷತೆ ಹಾಕಿ ಹರಸುತ್ತಿದ್ದ ಸಂಸ್ಕಾರಕ್ಕೆ ಆ ಹೆಸರು. ದಕ್ಷಿಣ ಕೊಡಗಿನಲ್ಲಿರುವ ನಮ್ಮ ಬೀಗರ ಮನೆಯ ಜಗಲಿಯಲ್ಲಿ ಅಂಥದೊಂದು ಮಾಸಿದ ಛಾಯಾಚಿತ್ರವಿದೆ. ಗಿರಿಜಾ ಮೀಸೆಯ ಹಿರಿಯರು. ಪಕ್ಕದಲ್ಲಿ ಬಿದಿರ ಚಪ್ಪರಕ್ಕೆ ತೂಗುಬಿಟ್ಟ ಹುಲಿ. ಇಬ್ಬರಲ್ಲಿ ಹುಲಿಯ ಮುಖವೇ ಹೆಚ್ಚು ಶಾಂತವಾಗಿದೆ ಎಂದು ನನ್ನಾಕೆಯ ಅಭಿಪ್ರಾಯ.

ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ನಾವು ಪ್ರತಿವರ್ಷ ಅಲ್ಲಿಗೆ ಹೋಗುತ್ತೇವೆ. ಗದ್ದೆಯಲ್ಲಿ ನಾಟಿ ನಡೆಯುವಷ್ಟು ಕಾಲ ಕೊಡವರ ಮನೆಯ ಆಯುಧಗಳಿಗೆ ವಿಶ್ರಾಂತಿ. ನಾಟಿ ಮುಗಿದ ಮೇಲೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ, ದೇವರ ಮುಂದಿಟ್ಟು, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೋವಿ. ಬೆಂಕಿಯ ನಾಲಗೆಯಂತೆ ಕೆಂಪು ಹಳದಿ ಬೆರೆತ ಆ ಕಾಡುಹೂ ಸರಿಯಾಗಿ ಆ ದಿನಗಳಲ್ಲಿಯೇ ಬೇಲಿಯ ಮೇಲೆ ಅರಳುವುದು ನನಗೆ ಪ್ರತಿಸಲವೂ ಬೆರಗು ಹುಟ್ಟಿಸುತ್ತದೆ. ‘ಕೋವಿಗೆ ಪೂಜೆಯೇ?’ ಎಂದು ಮೊದಲ ವರ್ಷ ಹುಬ್ಬೇರಿಸಿದ ನನ್ನಾಕೆ, ಮೈಸೂರಿನಲ್ಲಿ ಆಯುಧಪೂಜೆಯ ದಿನ ಹೊಲಿಗೆಯಂತ್ರಕ್ಕೂ ಈಳಿಗೆಮಣೆಗೂ ಕುಂಕುಮವಿಡುವ ಗೃಹಿಣಿಯೇ. ಈಗ ಆ ಹಬ್ಬವೆಂದರೆ ಆಕೆಗೆ ನನಗಿಂತ ಹೆಚ್ಚಿನ ಉತ್ಸಾಹ. ಬೀಗಿತ್ತಿಯವರು ನಮಗಾಗಿ ಬೇರೆ ಒಲೆಯ ಮೇಲೆ ಬೇಯಿಸುವ ಕಡಂಬುಟ್ಟು, ಕಳಲೆಯ ಪಲ್ಯಗಳೂ ಅದಕ್ಕೆ ಕಾರಣವಿರಬಹುದು.

ಹಿಂದೆ ಈ ಹಬ್ಬದೊಡನೆ ಬೇಟೆಯ ಕಾಲ ಆರಂಭವಾಗುತ್ತಿತ್ತು. ಅದರ ಸಿದ್ಧತೆಯ ವಿಷಯ ತೆಗೆದರೆ ಎಂಬತ್ತು ದಾಟಿದ ನಮ್ಮ ಬೀಗರ ಬೆನ್ನು ನೆಟ್ಟಗಾಗುತ್ತದೆ. ಮಳೆಗಾಲದಲ್ಲಿ ಉಪ್ಪೇ ನೀರಾಗುವ ಸೀಮೆ; ಕಬ್ಬಿಣದ ಪಾಡೇನು? ಕೋವಿಯ ನಳಿಗೆಗೆ ಬಟ್ಟೆ ಸುತ್ತಿದ ಗಜವನ್ನು ತೂರಿ, ತುಕ್ಕಿನ ಬಣ್ಣ ಹೋಗಿ ಬಟ್ಟೆ ಬೆಳ್ಳಗೇ ಹೊರಬರುವವರೆಗೂ ತಿಕ್ಕಬೇಕು. ಆಮೇಲೆ ತೆಳುವಾಗಿ ಎಣ್ಣೆ. ಅವರಲ್ಲಿ ಜೋಡುನಳಿಗೆಯ ತೋಟಾಕೋವಿಯೂ ಇದೆ, ಅಜ್ಜನ ಕಾಲದ ಕೇಪಿನ ಕೋವಿಯೂ ಇದೆ. ಪ್ರೀತಿಯೆಲ್ಲ ಎರಡನೆಯದರ ಮೇಲೆ. ಅದರ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಗುಂಡು ಹಾಕಿ, ಮತ್ತೆ ನಾರು ತುರುಕಿ, ಕಡೆಗೆ ಕೇಪು ಕೂರಿಸಬೇಕು. ಒಂದು ಈಡಿಗೆ ಇಷ್ಟು ಕೆಲಸ! ಗುರಿ ತಪ್ಪಿದರೆ ಇಷ್ಟನ್ನೂ ಮೊದಲಿನಿಂದ ಮಾಡಲು ಹುಲಿ ಬಿಡುವು ಕೊಡುವುದಿಲ್ಲ. ‘ಅದಕ್ಕೇ ಬೀಗರೇ, ಆಗಿನವರು ಸುಮ್ಮಸುಮ್ಮನೆ ಕುದುರೆ ಎಳೆಯುತ್ತಿರಲಿಲ್ಲ’ ಎನ್ನುತ್ತಾರೆ. ಊರಿನವರು ಒಟ್ಟಾಗಿ ಹೊರಡುತ್ತಿದ್ದರಂತೆ. ಮಾಂಸದಲ್ಲಿ ನಾಯಿಗಳಿಗೂ ಪಾಲಿತ್ತಂತೆ.

1861ರಿಂದ ಕೊಡವರಿಗೆ ಶಸ್ತ್ರಕಾಯಿದೆಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಅಂತೂ ಹುಟ್ಟು ಸಾವುಗಳಿಗೆ ಕೋವಿ ಉಳಿದಿದೆ, ಬೇಟೆ ಉಳಿದಿಲ್ಲ. ಹುಲಿ ಚಿರತೆಗಳನ್ನು ಕೊಂದವರಿಗೆ ಬ್ರಿಟಿಷ್ ಸರ್ಕಾರ ಇನಾಮು ಕೊಡುತ್ತಿದ್ದ ಕಾಲ ಹೋಗಿ, 1970ರಲ್ಲಿ ಹುಲಿಬೇಟೆ ನಿಷೇಧವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆ ವರ್ಷದ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು 1,827. 2022ರ ಅಂದಾಜಿನಲ್ಲಿ 3,682. ಅವುಗಳಲ್ಲಿ 563 ನಮ್ಮ ಕರ್ನಾಟಕದವು. ಮೈಸೂರಿನ ಮನೆಯಲ್ಲಿ ಬೆಳಗಿನ ಕಾಫಿಯೊಡನೆ ಈ ಅಂಕಿಗಳನ್ನು ಓದಿ ಸಂತೋಷಪಡುವುದು ಸುಲಭ. ಆ ಕಾಫಿ ಬೆಳೆಯುವ ತೋಟಕ್ಕೆ ಹೊಂದಿಕೊಂಡೇ ನಾಗರಹೊಳೆಯ ಕಾಡಿದೆಯೆಂಬುದು ಆಗ ನೆನಪಾಗುವುದಿಲ್ಲ. ಮುಪ್ಪಾದ ಹುಲಿ, ಬಲಶಾಲಿಯಿಂದ ಸೋತು ಸೀಮೆ ಕಳೆದುಕೊಂಡ ಹುಲಿ, ತೋಟದ ನೆರಳಿಗೆ ಬಂದು ಸೇರುತ್ತದೆ.

2025ರ ಜುಲೈ ತಿಂಗಳಲ್ಲಿ ಅಂಥದೊಂದು ಹುಲಿ ಬೀಗರ ಹಾಲು ಕರೆಯುವ ಹಸುವನ್ನು ಕೊಂದಿತು. ಬೆಳಗಾಗುವ ಹೊತ್ತಿಗೆ ಅಂಗಳದ ತುಂಬ ಜನ. ಹೊಡೆದೇಬಿಡೋಣವೆಂದರು ಯುವಕರು. ಹಾಗೆ ಹೊಡೆಯುವಂತಿಲ್ಲ. ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಹುಲಿಯನ್ನು ಕೂಡ, ಹಿಡಿಯಲು ಸಾಧ್ಯವೇ ಇಲ್ಲವೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಿ ಅವರು ಲಿಖಿತ ಅಪ್ಪಣೆ ಕೊಟ್ಟರೆ ಮಾತ್ರ ಕೊಲ್ಲಬಹುದು. ಗುಂಪು ಕರಗಿದ ಮೇಲೆ ಒಬ್ಬಾತ ಹಿಂದುಳಿದು, ಮೆಲ್ಲನೆ, ಹಸುವಿನ ಕಳೇಬರಕ್ಕೆ ಸ್ವಲ್ಪ ಕೀಟನಾಶಕ ಸುರಿದರೆ ಸಾಕೆಂದನಂತೆ. ಆ ಜೂನ್ ತಿಂಗಳಲ್ಲಿಯೇ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಬೆರೆಸಿದ ಹಸುವನ್ನು ತಿಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

‘ಅಜ್ಜ ಎದುರು ನಿಂತು ಹೊಡೆದರು. ಕದ್ದು ವಿಷ ಹಾಕಿದವನಿಗೆ ಯಾರು ನರಿಮಂಗಲ ಮಾಡುತ್ತಾರೆ?’ ಎಂದು ಅವನನ್ನು ಬೀಗರು ಕಳುಹಿಸಿಬಿಟ್ಟರು. ಆದರೂ ನಂಬಿಕೆ ಬರಲಿಲ್ಲವೆಂದು ತೋರುತ್ತದೆ. ಅರಣ್ಯ ಇಲಾಖೆಯವರು ಬರುವವರೆಗೆ, ಸುರಿಯುವ ಮಳೆಯಲ್ಲಿ, ತಾವೇ ಆ ಹಸುವಿನ ಕಾವಲಿಗೆ ಕುಳಿತರು. ನಾಟಿಯ ಕಾಲವಾದ್ದರಿಂದ ಕೋವಿ ದೇವರ ಕೋಣೆಯಲ್ಲಿತ್ತು. ಕೈಯಲ್ಲಿದ್ದುದು ಒಂದು ಕೊಡೆ, ಒಂದು ದೊಣ್ಣೆ. ಮಗ ಜೊತೆಗೆ ನಿಂತ. ಬೀಗಿತ್ತಿಯವರು ಇದನ್ನು ಹೇಳುವಾಗ ಈಗಲೂ ಅವರ ಧ್ವನಿಯಲ್ಲಿ ಸಿಟ್ಟಿದೆ. ಎಂಬತ್ತು ದಾಟಿದವರು ಮಾಡುವ ಕೆಲಸವೆ ಅದು? ನಾನು ಬೀಗಿತ್ತಿಯವರ ಪಕ್ಷ.

ಹಸುವಿಗೆ ಪರಿಹಾರದ ಹಣ ಬಂತು. ‘ಹುಲಿಯ ಮೇಲೆ ಕೋಪವಿಲ್ಲವೆ?’ ಎಂದು ಕೇಳಿದೆ. ‘ಇಲ್ಲದೆ ಏನು! ಕರು ಇನ್ನೂ ಕೊಟ್ಟಿಗೆಯಲ್ಲಿ ಕೂಗುತ್ತದೆ’ ಎಂದರು.

ಆ ವರ್ಷದ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ನಮ್ಮಿಬ್ಬರ ಮೊಮ್ಮಗ ಹನ್ನೊಂದರ ಪೋರ. ಅಜ್ಜನ ಪಕ್ಕದಲ್ಲಿ ಕುಳಿತು ನಳಿಗೆ ತಿಕ್ಕುತ್ತ, ‘ಅಜ್ಜ, ಹುಲಿ ಎದುರಿಗೇ ಬಂದರೆ ಏನು ಮಾಡುತ್ತೀರಿ?’ ಎಂದ.

‘ಗಾಳಿಯಲ್ಲಿ ಗುಂಡು ಹಾರಿಸಿ ಓಡಿಸುತ್ತೇನೆ.’

‘ಓಡದಿದ್ದರೆ?’

ಬೀಗರು ನಳಿಗೆಯನ್ನು ಕಣ್ಣಿಗೆ ಹಿಡಿದು ಬೆಳಕಿನತ್ತ ತಿರುಗಿಸಿ ಬಹಳ ಹೊತ್ತು ನೋಡಿದರು. ‘ಎಣ್ಣೆ ಇತ್ತ ಕೊಡು, ಮಗ’ ಎಂದರು.

ಮರುದಿನ ಪೂಜೆಯಾಯಿತು, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯೂ ಆಯಿತು. ಕಾಯಿಯನ್ನು ಒಡೆದವಳು ನೆರೆಮನೆಯ ಸೊಸೆ. ಸಂಜೆ ಬೀಗರು ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು, ಮುಂಬರುವ ದಿನಗಳಿಗೆ ತಾವು ಮಾಡಿಕೊಂಡ ಸಿದ್ಧತೆಯನ್ನು ತೋರಿಸಿದರು. ಗೋಡೆಯನ್ನು ಎತ್ತರಿಸಿ ಕಬ್ಬಿಣದ ಬಾಗಿಲು ಕೂರಿಸಿದ್ದರು. ಮೂಲೆಗಳಿಗೆ ಸೌರದೀಪ ಹಾಕಿಸಿದ್ದರು. ಸುತ್ತಲಿನ ಪೊದೆಗಳನ್ನು ಸವರಿಸಿದ್ದರು. ಡಿಸೆಂಬರ್ ಬಂದರೆ ಕಾಫಿಯ ಕೊಯ್ಲು. ಉದುರಿದ ಹಣ್ಣನ್ನು ಆರಿಸಲು ಬಗ್ಗಿದ ಹೆಂಗಸು ಹುಲಿಯ ಕಣ್ಣಿಗೆ ನಾಲ್ಕು ಕಾಲಿನ ಪ್ರಾಣಿಯಂತೆ ಕಂಡೀತೆಂದು ಅನುಭವಸ್ಥರು ಹೇಳುತ್ತಾರೆ. ಆದ್ದರಿಂದ ಯಾರೂ ಒಂಟಿಯಾಗಿ ತೋಟಕ್ಕಿಳಿಯಬಾರದೆಂದೂ, ಬಿಸಿಲೇರಿದ ಮೇಲೆಯೇ ಕೆಲಸ ಆರಂಭವೆಂದೂ, ಸಂಜೆಗೆ ಮುಂಚೆ ಎಲ್ಲರೂ ಲೈನಿಗೆ ಮರಳಬೇಕೆಂದೂ ಕಟ್ಟುಮಾಡಿದ್ದರು. ಅರಣ್ಯ ಇಲಾಖೆಯ ದೂರವಾಣಿ ಸಂಖ್ಯೆ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿತ್ತು.

ಕರು ನನ್ನ ಕೈ ನೆಕ್ಕಿತು. ‘ಮುಂದಿನ ಸಲ ಬರುವಾಗ ದೇವರಾಜ ಮಾರುಕಟ್ಟೆಯಲ್ಲಿ ನೋಡಿ ಬೀಗರೇ, ಇದರ ಕೊರಳಿಗೆ ಒಂದು ಒಳ್ಳೆಯ ಹಿತ್ತಾಳೆಯ ಗಂಟೆ ತನ್ನಿ. ಶಬ್ದ ದೂರಕ್ಕೆ ಕೇಳಬೇಕು’ ಎಂದರು.