ಬಾವಿಯ ತಳದ ಕರಿಮರ

ಮದ್ದೂರಿನ ನಾನಿಯ ಮನೆಗೆ ನಲ್ಲಿ ಬಂದ ಮೇಲೆ ಹಿತ್ತಲ ಬಾವಿಯನ್ನು ಕೇಳುವವರಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಮಾಮು ಹೂಳು ತೆಗೆಸಿದಾಗ ಒಡೆದ ಪ್ಲಾಸ್ಟಿಕ್ ಕೊಡ, ತುಕ್ಕು ಹಿಡಿದ ಗಡಗಡೆ, ಎಂದೋ ಕಳೆದುಹೋಗಿದ್ದ ಹಿತ್ತಾಳೆ ಚೊಂಬು ಎಲ್ಲ ಮೇಲೆ ಬಂದವು. ಅವುಗಳ ಜೊತೆ ತಳದ ಚೌಕಟ್ಟಿನಿಂದ ಕಳಚಿಕೊಂಡಿದ್ದ ಮೂರು ಮರದ ತುಂಡುಗಳು. ಇದ್ದಿಲಿನಷ್ಟು ಕಪ್ಪು, ಕಲ್ಲಿನಷ್ಟು ಭಾರ! ಕೆಲಸದವರು ಸೌದೆಗೆಂದು ಪಕ್ಕಕ್ಕೆಸೆದರು. ಬಾಗಿಲು ರಿಪೇರಿಗೆ ಬಂದಿದ್ದ ವಯಸ್ಸಾದ ಆಚಾರಿ ಒಂದನ್ನು ಎತ್ತಿ ಉಳಿಯಿಂದ ಕೆರೆದು ನೋಡಿದರು.

"ಒಲೆಗಾಕ್ಬೇಡಿ ಕಣವ್ವಾ. ನೆಲ್ಲಿ ಮರ ಇದು. ಹಿಂದಿನೋರು ಬಾವಿ ತಳಕ್ಕೆ ಇದನ್ನೇ ಕೂರಿಸ್ತಿದ್ರು. ನೀರಲ್ಲಿರೋಗಂಟ ಇದಕ್ಕೆ ಸಾವಿಲ್ಲ."

ನಾನಿ ಮದುವೆಯಾಗಿ ಬಂದಾಗಿನಿಂದ ಸೇದಿದ ನೀರು ಆ ಬಾವಿಯದು. ಈಗ ನಾನಿ ಇಲ್ಲ. ಅಮ್ಮಿ ಆ ತುಂಡುಗಳನ್ನು ಸೆರಗಿನಿಂದಲೇ ಒರೆಸಿ ಒಳಗಿಟ್ಟರು.

ಮರುದಿನ ನಾವು ಶ್ರೀರಂಗಪಟ್ಟಣಕ್ಕೆ ಹೊರಟಿದ್ದೆವು. ಮದ್ದೂರು ದಾಟಿ, ಮಂಡ್ಯ ದಾಟಿ, ಗದ್ದೆ ಕಬ್ಬುಗಳ ನಡುವಿನ ದಾರಿ. ಗುಂಬಜ್‌ನಲ್ಲಿ ಹೈದರಲಿ, ಫಕ್ರುನ್ನೀಸಾ ಹಾಗೂ ಟಿಪ್ಪು ಸುಲ್ತಾನರ ಸಮಾಧಿಗಳಿವೆ. ಸುತ್ತಲಿನ ಕಪ್ಪು ಕಲ್ಲಿನ ಕಂಬಗಳನ್ನು ಎಲ್ಲರೂ ನೋಡುತ್ತಾರೆ. ಅಮ್ಮಿ ಮಾತ್ರ ಬಾಗಿಲ ಮುಂದೆ ನಿಂತುಬಿಟ್ಟರು. ದಂತದ ಕುಸುರಿ ಕೂರಿಸಿದ ಎಬನಿ ಮರದ ಬಾಗಿಲುಗಳು, ಗವರ್ನರ್ ಜನರಲ್ ಡಾಲ್‌ಹೌಸಿ ಕೊಟ್ಟವು. ಉರ್ದುವಿನಲ್ಲಿ ಇದೇ ಆಬ್ನೂಸ್. ನಮಗೆ ಬೀಡಿ ಎಲೆ ಕೊಡುವ ಮರವೂ ಇದೇ ಕುಲದ್ದು.

"ನಮ್ಮ ಬಾವಿ ಮರವೂ ಹೀಗೇ ಇದೆಯಲ್ಲ?" ಎಂದರು ಅಮ್ಮಿ.

ನೋಡಲು ಹಾಗೇ ಇದೆ, ಆದರೆ ಕಪ್ಪು ಬಂದ ದಾರಿ ಬೇರೆ. ಎಬನಿ ತನ್ನ ತಿರುಳಿನಲ್ಲೇ ಕಪ್ಪಾಗಿ ಬೆಳೆಯುತ್ತದೆ. ನೆಲ್ಲಿಯ ತಿರುಳು ಕೆಂಪು ಛಾಯೆಯದು. ಅದನ್ನು ಕಪ್ಪಾಗಿಸಿದ್ದು ನೀರು. ಇದರ ಗುಟ್ಟು ನಮ್ಮ ಅಡುಗೆ ಮನೆಯಲ್ಲೇ ಇದೆ. ಕೂದಲಿಗೆ ಹಚ್ಚುವ ಮೆಹಂದಿಗೆ ನೆಲ್ಲಿಕಾಯಿ ಪುಡಿ, ಚಹಾ ಡಿಕಾಕ್ಷನ್ ಸೇರಿಸಿ ರಾತ್ರಿಯೆಲ್ಲ ಕಬ್ಬಿಣದ ಬಾಣಲೆಯಲ್ಲಿ ನೆನೆಸಿಡುತ್ತೇವಲ್ಲ? ಬೆಳಗಾಗುವಷ್ಟರಲ್ಲಿ ಅದು ಕಪ್ಪಾಗಿರುತ್ತದೆ. ಚಹಾ, ನೆಲ್ಲಿಗಳಲ್ಲಿರುವ ಒಗರಿನ ಅಂಶ, ಅಂದರೆ ಟ್ಯಾನಿನ್, ಕಬ್ಬಿಣದೊಂದಿಗೆ ಸೇರಿದಾಗ ಆಗುವುದು ಅದೇ. ಬಾವಿಯಲ್ಲಿ ಮರದ ಟ್ಯಾನಿನ್‌ಗೆ ನೀರು ಮಣ್ಣಿನ ಕಬ್ಬಿಣ ಸಿಕ್ಕಿದೆ. ಕೆಸರಿನೊಳಗೆ ಗಾಳಿಯಾಡದ ಕಾರಣ ಮರವನ್ನು ತಿನ್ನುವ ಶಿಲೀಂಧ್ರಗಳಿಗೆ ಉಸಿರಿಲ್ಲ, ಹಾಗಾಗಿ ಕೊಳೆತಿಲ್ಲ.

ಇದೇ ಕೆಲಸ ಸಾವಿರಾರು ವರ್ಷಗಟ್ಟಲೆ ನಡೆದರೆ? ಐರ್ಲೆಂಡ್, ಇಂಗ್ಲೆಂಡ್‌ಗಳ ಜವುಗು ನೆಲದಲ್ಲಿ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತು ಪೀಟ್ ಎಂಬ ಕಪ್ಪು ಮಣ್ಣಾಗಿದೆ. ಅದರಲ್ಲಿ ಹೂತುಹೋದ ಓಕ್ ಮರಗಳು ಇಂದಿಗೂ ಗಟ್ಟಿಯಾಗಿ ಸಿಗುತ್ತವೆ. 1861ರಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಕೊನೆವರೆಗೂ ಕಪ್ಪುಡುಗೆ ಬಿಡಲಿಲ್ಲ. ಶೋಕದ ಆ ಕಾಲದಲ್ಲಿ ಐರ್ಲೆಂಡಿನ ಕುಶಲಕರ್ಮಿಗಳು ಈ ಮರದಲ್ಲಿ ಕೆತ್ತಿದ ಬ್ರೂಚ್, ಬಳೆಗಳಿಗೆ ಒಳ್ಳೆಯ ಗಿರಾಕಿ ಇತ್ತು. 2012ರಲ್ಲಿ ಇಂಗ್ಲೆಂಡಿನ ನಾರ್ಫಕ್‌ನ ಹೊಲವೊಂದರಲ್ಲಿ ಸುಮಾರು 5,000 ವರ್ಷದ ಓಕ್ ಕಾಂಡ ಸಿಕ್ಕಿತು. ಅದರ ಹಲಗೆಗಳಿಂದ ಮಾಡಿದ 13 ಮೀಟರ್ ಉದ್ದದ ಮೇಜನ್ನು 2022ರಲ್ಲಿ ಈಲಿ ಪಟ್ಟಣದ ಕೆಥೆಡ್ರಲ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಮಂಡ್ಯ, ಮಳವಳ್ಳಿಯ ಕಡೆ ಪೀಟ್ ಎಲ್ಲಿಂದ ಬರಬೇಕು! ಪೀಟ್ ನೋಡಬೇಕಾದರೆ ನೀಲಗಿರಿ ಬೆಟ್ಟ ಹತ್ತಬೇಕು. ಅಲ್ಲಿನ ಪೀಟ್ ಪದರಗಳನ್ನು ಓದಿಯೇ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಸುಮಾರು 20,000 ವರ್ಷಗಳ ಹವಾಮಾನದ ಕತೆಯನ್ನು 1993ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ನಾನು ಓದಿಕೊಂಡದ್ದು ಆಮೇಲೆ. ಅಷ್ಟರಲ್ಲಿ ಎಡವಟ್ಟು ಮಾಡಿಯಾಗಿತ್ತು. ಶ್ರೀರಂಗಪಟ್ಟಣದಿಂದ ಬಂದವಳೇ, ಒಣಗಲಿ ಎಂದು ಮೂರೂ ತುಂಡುಗಳನ್ನು ಟೆರೇಸಿನ ಬಿಸಿಲಿಗಿಟ್ಟೆ, ಹಪ್ಪಳ ಒಣಗಿಸುವ ಹಾಗೆ! ನೀರು ಕುಡಿದ ಮರದ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿ ಇರುತ್ತದೆ. ಆ ಎಳೆದಾಟಕ್ಕೆ ಸೀಳುತ್ತದೆ. ಆ ಇಂಗ್ಲೆಂಡಿನ ಓಕ್‌ ಹಲಗೆಗಳನ್ನು ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸಿದ್ದರಂತೆ. ನಮ್ಮಲ್ಲಿ ಒಂದೇ ವಾರಕ್ಕೆ ಎರಡು ತುಂಡು ಉದ್ದಕ್ಕೂ ಬಿರಿದವು. ಅಷ್ಟು ಕಾಲ ನೀರು ಕಾಪಾಡಿದ್ದನ್ನು ನಾನು ಏಳು ದಿನದಲ್ಲಿ ಕೆಡಿಸಿದ್ದೆ. ಅಮ್ಮಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಿರಿದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಚನ್ನಪಟ್ಟಣಕ್ಕೆ ಹೋದೆವು, ಹಳೆ ರಸ್ತೆಯಲ್ಲೇ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರುಗಳು ಊರ ಹೊರಗಿನಿಂದಲೇ ಹಾರಿ ಹೋಗುತ್ತವೆ. ಗೊಂಬೆ ಅಂಗಡಿಯವರಿಗೂ ಮದ್ದೂರು ವಡೆಯವರಿಗೂ ಒಂದೇ ಅಳಲು. ನಮಗೆ ಸಿಕ್ಕಿದ್ದು ಮನೆಯಲ್ಲೇ ಲೇತ್ ಇಟ್ಟುಕೊಂಡ ಒಬ್ಬ ಆಪಾ. ಅವರ ಕೈ ಪಳಗಿದ್ದು ಮೆದುವಾದ, ಬೆಣ್ಣೆ ಬಣ್ಣದ ಹಾಲೆ ಮರಕ್ಕೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೇ ಅರಗು ಕರಗಿ ಬಣ್ಣ ಹಿಡಿಯುತ್ತದೆ, ಆಮೇಲೆ ಕೇದಗೆ ಎಲೆಯಿಂದ ಹೊಳಪು. ನಮ್ಮ ಮರ ನೋಡಿ, "ಉಳಿ ಮೊಂಡಾಗುತ್ತೆ ಬಾಜಿ" ಎಂದು ನಕ್ಕರು. ಆದರೂ ಬಿರುಕಿಲ್ಲದ ಗೇಣುದ್ದದ ಭಾಗ ಕೊಯ್ದು ಲೇತಿಗೆ ಕಟ್ಟಿದರು. ಕಪ್ಪು ಪುಡಿ ಹಾರಿತು, ಮಳೆ ಬಿದ್ದ ಮಣ್ಣಿನ ವಾಸನೆ ಬಂತು. ಎರಡು ಸಲ ಸಿಡಿಯಿತು. ಮೂರನೆಯ ಸಲ ಪುಟ್ಟ ಸುರ್ಮೆದಾನಿಯೊಂದು ಉಳಿಯಿತು. ಅರಗು ಬೇಡವೆಂದೆವು, ಎಲೆಯಿಂದ ಉಜ್ಜಿದ್ದಷ್ಟೇ. ಮುಚ್ಚಳಕ್ಕೆ ಕರಿಮರ ಸಾಲಲಿಲ್ಲ, ಹಾಲೆ ಮರದ್ದೇ ಹಾಕಿಕೊಟ್ಟರು.

ಮೂರನೆಯ ತುಂಡು ಇನ್ನೂ ಇದೆ. ಒದ್ದೆ ಗೋಣಿಯಲ್ಲಿ ಸುತ್ತಿ ಅಟ್ಟದ ಕತ್ತಲಲ್ಲಿಟ್ಟಿದ್ದೇವೆ. ವಾರ ಕಳೆದಂತೆ ಗೋಣಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕೆಂದು ಆಚಾರಿ ಹೇಳಿದ್ದಾರೆ. ಆ ಕೆಲಸ ಅಮ್ಮಿ ನನಗೆ ಬಿಟ್ಟಿಲ್ಲ.